ಎತ್ತಿಡಬಾರದ ಬೀಜವೇ?

ಟೊಮೆಟೊ ವಿಷಯದಲ್ಲಿ ಬೀಜದಂಗಡಿಯವರೂ ಸಾವಯವ ಕೃಷಿಯ ಪ್ರಚಾರಕರೂ ಒಪ್ಪುವ ಮಾತು ಒಂದೇ ಒಂದು: ಹೈಬ್ರಿಡ್ ಹಣ್ಣಿನ ಬೀಜ ಎತ್ತಿಡಬೇಡಿ. ಗೊಬ್ಬರದಲ್ಲಿ ಜಗಳ, ಔಷಧಿಯಲ್ಲಿ ಜಗಳ, ಇಳುವರಿ ಲೆಕ್ಕದಲ್ಲಂತೂ ದೊಡ್ಡ ಜಗಳ; ಇಲ್ಲಿ ಮಾತ್ರ ಇಬ್ಬರದೂ ಒಂದೇ ರಾಗ. ಅಂಗಡಿಯವರ ಪ್ರಕಾರ ಆ ಬೀಜ ಮೊಳೆಯುವುದಿಲ್ಲ, ಮೊಳೆತರೂ ಕಾಯಿ ಕಚ್ಚುವುದಿಲ್ಲ, ಆದ್ದರಿಂದ ಹೊಸ ಪ್ಯಾಕೆಟ್ ಕೊಳ್ಳಬೇಕು. ಪ್ರಚಾರಕರ ಪ್ರಕಾರ ಅದು ಕೆಟ್ಟ ಬೀಜ, ಮಣ್ಣಿಗೂ ಮನುಷ್ಯನಿಗೂ ಆಗದ್ದು, ಆದ್ದರಿಂದ ನಾಟಿ ಬೀಜ ಹುಡುಕಬೇಕು. ಇಷ್ಟು ಎದುರುಬದುರಿನವರು ಒಂದೇ ಮಾತಿಗೆ ತಲೆಯಾಡಿಸಿದರೆ ಅದು ನಿಜವೇ ಇರಬೇಕು ಎಂದು ರೈತರು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಮಾತು ಒಂದು ಸಂದರ್ಭಕ್ಕೆ ಮಾತ್ರ ನಿಜ. ಅದನ್ನು ಎಲ್ಲ ಹೊಲಕ್ಕೂ ಎಲ್ಲ ಕಾಲಕ್ಕೂ ನಿಯಮ ಮಾಡಿದ್ದರಿಂದ ಸಣ್ಣ ಹಿಡುವಳಿಯವರು ಕಳೆದುಕೊಂಡದ್ದು ಹೆಚ್ಚು ಎಂಬುದು ನನ್ನ ವಾದ.

ನಿಜವಾಗುವ ಸಂದರ್ಭವನ್ನು ಮೊದಲೇ ಒಪ್ಪಿಬಿಡೋಣ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಕಡೆಯ ರೈತ ಎರಡು ಎಕರೆಗೆ ಡ್ರಿಪ್ ಎಳೆದು, ಮಲ್ಚಿಂಗ್ ಹಾಳೆ ಹಾಸಿ, ಕಡ್ಡಿ ನೆಟ್ಟು, ಸಾಲ ಮಾಡಿ ಬೆಳೆಯುವ ಟೊಮೆಟೊ ಊರಿನ ಸಂತೆಗೆಂದು ಬೆಳೆದದ್ದಲ್ಲ. ಕೋಲಾರದ ಎಪಿಎಂಸಿ ಮಂಡಿಯಲ್ಲಿ 15 ಕೆ.ಜಿ. ಬಾಕ್ಸ್‌ಗಳಲ್ಲಿ ಹರಾಜಾಗಿ, ಲಾರಿ ಹತ್ತಿ, ದಿನಗಟ್ಟಲೆ ದಾರಿ ಸವೆಸಿ ಉತ್ತರದ ಊರುಗಳಲ್ಲಿ ಇಳಿಯಬೇಕಾದ ಸರಕು. ಅಲ್ಲಿಗೆ ಬೇಕಾದದ್ದು ಒಂದೇ ಗಾತ್ರ, ಗಟ್ಟಿ ಸಿಪ್ಪೆ, ಒಂದೇ ಸಲಕ್ಕೆ ಬಣ್ಣ ತಿರುಗುವ ಕಾಯಿ. 2023ರ ಜುಲೈನಲ್ಲಿ ಬಾಕ್ಸ್ ಬೆಲೆ 2 ಸಾವಿರ ರೂಪಾಯಿ ದಾಟಿತ್ತು. ಕೀಳುವ ಕೂಲಿಯೂ ಹುಟ್ಟದೆ ಅದೇ ಹಣ್ಣನ್ನು ರಸ್ತೆಬದಿಗೆ ಸುರಿದ ವರ್ಷಗಳೂ ಇವೆ. ಇಂಥ ಬೆಳೆಗೆ ಎತ್ತಿಟ್ಟ ಬೀಜ ಹಾಕಿದರೆ ಒಂದು ಗಿಡ ಎದೆಮಟ್ಟ, ಪಕ್ಕದ್ದು ಮೊಣಕಾಲು. ಒಂದರ ಕಾಯಿ ಗುಂಡಗೆ, ಇನ್ನೊಂದರದು ಉದ್ದಕ್ಕೆ. ಎಲೆ ಮುದುಡಿ ನಿಂತವು ಅಲ್ಲಲ್ಲಿ. ಮಂಡಿಯವರು ಬಾಕ್ಸ್ ಬಗ್ಗಿ ನೋಡಿ ಸುಮ್ಮನೆ ಮುಂದೆ ಹೋಗುತ್ತಾರೆ. ಆದ್ದರಿಂದ ಮುಂದಿನ ಬೆಳೆಗೆ, ಇಡೀ ಹೊಲಕ್ಕೆ, ದೂರದ ಮಾರುಕಟ್ಟೆಗೆ ಹೈಬ್ರಿಡ್‌ನ ಎರಡನೇ ತಲೆಮಾರಿನ ಬೀಜ ಬೇಡ. ಇದರಲ್ಲಿ ತಕರಾರಿಲ್ಲ.

ತಕರಾರು ಶುರುವಾಗುವುದು ಇದರಾಚೆ. ಮೊದಲಿಗೆ, ‘ಮೊಳೆಯುವುದೇ ಇಲ್ಲ’ ಎಂಬ ಮಾತು. ಪಾತ್ರೆ ತೊಳೆದ ನೀರು ಹರಿಯುವ ಕಡೆ, ತಿಪ್ಪೆಯ ಅಂಚಿನಲ್ಲಿ, ಕೊಟ್ಟಿಗೆ ಗೊಬ್ಬರ ಬಿದ್ದ ಸಾಲಿನಲ್ಲಿ ತಾವಾಗಿ ಎದ್ದ ಟೊಮೆಟೊ ಗಿಡಗಳನ್ನು ನೋಡದ ಮನೆ ಹಳ್ಳಿಯಲ್ಲಿಲ್ಲ. ಇಂದು ಅಡುಗೆಮನೆಗೆ ಬರುವ ಹಣ್ಣಿನಲ್ಲಿ ಬಹುಪಾಲು ಹೈಬ್ರಿಡ್ ಗಿಡದ್ದೇ. ಹಾಗಿದ್ದರೆ ತಿಪ್ಪೆಯ ಗಿಡದ ತಾಯಿ ಯಾರು? ಆ ಗಿಡದ ಕಾಯಿಯನ್ನೇ ಕಿತ್ತು ಸಾರಿಗೆ ಹಾಕುತ್ತಾ, ‘ಹೈಬ್ರಿಡ್ ಬೀಜ ಹುಟ್ಟಲ್ಲ’ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಈ ನಂಬಿಕೆ ಎಲ್ಲಿಂದ ಬಂತು ಎಂದು ನೋಡಿದರೆ ಕರ್ನಾಟಕದ ಮಟ್ಟಿಗೆ ಅದಕ್ಕೊಂದು ಚರಿತ್ರೆಯೇ ಇದೆ. 1992ರ ಡಿಸೆಂಬರ್‌ನಲ್ಲಿ ರಾಜ್ಯ ರೈತಸಂಘದ ಕಾರ್ಯಕರ್ತರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದರು. 1998ರಲ್ಲಿ ಅಮೆರಿಕದ ಕೃಷಿ ಇಲಾಖೆ ಮತ್ತು ಅಲ್ಲಿನ ಒಂದು ಹತ್ತಿಬೀಜ ಕಂಪನಿ ಸೇರಿ, ಎರಡನೇ ಸಲ ಮೊಳೆಯದಂತೆ ಬೀಜವನ್ನು ಮಾರ್ಪಡಿಸುವ ತಂತ್ರಕ್ಕೆ ಪೇಟೆಂಟ್ ಪಡೆದವು. ‘ಟರ್ಮಿನೇಟರ್’ ಎಂದು ಜಗತ್ತೆಲ್ಲ ಕರೆದದ್ದು ಅದನ್ನೇ. ಅದೇ ವರ್ಷದ ಕೊನೆಗೆ ರೈತಸಂಘದ ನಾಯಕ ಪ್ರೊ. ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ರಾಯಚೂರು ಕಡೆಯ ಕುಲಾಂತರಿ ಬಿಟಿ ಹತ್ತಿಯ ಪ್ರಯೋಗದ ಹೊಲಗಳಿಗೆ ಬೆಂಕಿ ಬಿತ್ತು. ಆ ಹೊಲಗಳಲ್ಲಿ ಇದ್ದದ್ದು ಟರ್ಮಿನೇಟರ್ ಅಲ್ಲ. ಆ ತಂತ್ರ ಯಾವ ದೇಶದ ಮಾರುಕಟ್ಟೆಗೂ ಇಂದಿಗೂ ಬಂದಿಲ್ಲ. ನಮ್ಮ 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಅಂಥ ತಳಿಯ ನೋಂದಣಿಗೇ ಅವಕಾಶ ಕೊಡುವುದಿಲ್ಲ. ಆದರೆ ‘ಕಂಪನಿ ಬೀಜ ಬಂಜೆ’ ಎಂಬ ಮಾತು ಜನರ ಬಾಯಲ್ಲಿ ಉಳಿಯಿತು. ಹೈಬ್ರಿಡ್, ಬಿಟಿ, ಟರ್ಮಿನೇಟರ್ ಮೂರೂ ಒಂದೇ ಚೀಲದೊಳಗೆ ಬಿದ್ದವು. ಚಳವಳಿಯ ಉದ್ದೇಶ ರೈತನ ಬೀಜದ ಹಕ್ಕನ್ನು ಉಳಿಸುವುದಾಗಿತ್ತು. ಅದು ಬಿಟ್ಟುಹೋದ ಗುಲ್ಲು ಮಾತ್ರ ರೈತ ತನ್ನ ಹಣ್ಣಿನ ಬೀಜವನ್ನು ತಾನೇ ಎಸೆಯುವಂತೆ ಮಾಡಿತು. ಇದಕ್ಕಿಂತ ಕಂಪನಿಗಳಿಗೆ ಬೇಕಾದದ್ದು ಇನ್ನೇನು?

ಇನ್ನು ‘ಮೊಳೆಯುತ್ತೆ, ಆದರೆ ಕುಲಗೆಡುತ್ತೆ’ ಎಂಬ ಎರಡನೇ ಮಾತು. ಇದು ಹೆಚ್ಚು ಓದಿಕೊಂಡವರ ಮಾತು, ಅರ್ಧ ಸರಿಯಾದದ್ದು, ಆದ್ದರಿಂದಲೇ ಹೆಚ್ಚು ಅಪಾಯದ್ದು. ಇಲ್ಲಿ ಮೆಕ್ಕೆಜೋಳದ ಅನುಭವವನ್ನು ತಂದು ಟೊಮೆಟೊ ಮೇಲೆ ಹೇರಲಾಗಿದೆ. ಮೆಕ್ಕೆಜೋಳದ ಪರಾಗ ಗಾಳಿಯಲ್ಲಿ ಹಾರಿ ಪಕ್ಕದ ಗಿಡಕ್ಕೆ, ಪಕ್ಕದ ಹೊಲಕ್ಕೆ ಬೀಳುವಂಥದ್ದು. ಅದನ್ನು ತನ್ನದೇ ಪರಾಗಕ್ಕೆ ಕಟ್ಟಿಹಾಕಿ ನಾಲ್ಕು ತಲೆಮಾರು ಬೆಳೆಸಿದರೆ ಗಿಡ ಸೊರಗುತ್ತದೆ, ತೆನೆ ಕುಗ್ಗುತ್ತದೆ. ಟೊಮೆಟೊ ಹಾಗಲ್ಲ. ಅದರ ಹೂವಿನಲ್ಲಿ ಪರಾಗಕೋಶಗಳು ಒಂದಕ್ಕೊಂದು ಅಂಟಿಕೊಂಡು ಹಳದಿ ಕೊಳವೆಯಾಗಿ ಹೆಣ್ಣುಭಾಗವನ್ನು ಮುಚ್ಚಿರುತ್ತವೆ. ಹೂವು ಅಲುಗಿದರೆ ಸಾಕು, ತನ್ನ ಪರಾಗ ತನಗೇ ಬಿದ್ದು ಕಾಯಿ ಕಚ್ಚುತ್ತದೆ. ಬೇರೆ ಗಿಡದ ಪರಾಗ ಬಂದು ಸೇರುವುದು ನೂರಕ್ಕೆ ಕೆಲವು ಹೂಗಳಲ್ಲಿ ಮಾತ್ರ. ಸಾವಿರಾರು ತಲೆಮಾರುಗಳಿಂದ ತನ್ನೊಳಗೇ ಕೂಡಿಕೊಂಡು ಬಂದ ಗಿಡಕ್ಕೆ ಒಳಕೂಡುವಿಕೆಯಿಂದ ಹೊಸದಾಗಿ ಆಗುವ ಕೇಡು ಬಲು ಕಡಿಮೆ. ಈರುಳ್ಳಿ, ಕ್ಯಾರೆಟ್‌ಗಳಲ್ಲಿ ಗಂಡು ಬಂಜೆತನವಿರುವ ತಾಯಿಯಿಂದ ಹೈಬ್ರಿಡ್ ಮಾಡುವುದರಿಂದ ಮುಂದಿನ ಪೀಳಿಗೆಯಲ್ಲಿ ಪರಾಗವೇ ಇಲ್ಲದ ಗಿಡಗಳು ಬರಬಹುದು. ನಮ್ಮಲ್ಲಿ ಟೊಮೆಟೊ ಹೈಬ್ರಿಡ್‌ಗಳನ್ನು ಮಾಡುವುದು ಕೈಯಿಂದ. ಆ ತೊಂದರೆಯೂ ಇಲ್ಲ.

ಹಾಗಾದರೆ ಎರಡನೇ ತಲೆಮಾರಿನಲ್ಲಿ ಆಗುವುದೇನು? ಕುಲಗೆಡುವುದಲ್ಲ, ಬಿಚ್ಚಿಕೊಳ್ಳುವುದು. ಹೈಬ್ರಿಡ್ ಎಂದರೆ ಎರಡು ಶುದ್ಧ ತಳಿಗಳ ಮಗು. ತಂದೆಯ ಕಡೆಯದೊಂದು, ತಾಯಿಯ ಕಡೆಯದೊಂದು ಗುಣ ಜೋಡಿಯಾಗಿ ಕೂತಿರುತ್ತವೆ. ಆ ಗಿಡದ ಬೀಜ ಬಿತ್ತಿದಾಗ ಜೋಡಿಗಳು ಬೇರೆಯಾಗಿ ಹೊಸ ಹೊಸ ರೀತಿಯಲ್ಲಿ ಸೇರುತ್ತವೆ. ಅಜ್ಜಿಯನ್ನು ಹೋಲುವವು, ಅಜ್ಜನನ್ನು ಹೋಲುವವು, ಇಬ್ಬರನ್ನೂ ಹೋಲದವು, ಇಬ್ಬರಿಗಿಂತ ಚೆನ್ನಾಗಿರುವವು ಎಲ್ಲ ಒಂದೇ ಮಡಿಯಲ್ಲಿ ಏಳುತ್ತವೆ. ಕೆಟ್ಟದ್ದು ಬರುತ್ತದೆ ಎನ್ನುವವರು ನೋಡಿದ್ದು ನಿಜ. ಆದರೆ ಒಳ್ಳೆಯದೂ ಅಲ್ಲೇ ನಿಂತಿತ್ತು. ಎಲ್ಲ ಗಿಡದ ಕಾಯಿಯನ್ನೂ ಒಂದೇ ಬುಟ್ಟಿಗೆ ಹಾಕಿದವರಿಗೆ ಅದು ಕಾಣಲಿಲ್ಲ.

ಎಲೆ ಮುದುಡು ರೋಗವನ್ನೇ ತೆಗೆದುಕೊಳ್ಳಿ. ಬಿಳಿನೊಣ ಹರಡುವ ಈ ನಂಜುರೋಗ ನಮ್ಮ ಬಯಲುಸೀಮೆಯಲ್ಲಿ ಟೊಮೆಟೊಗೆ ಬಂದ ದೊಡ್ಡ ಪೀಡೆ. ಇದನ್ನು ತಡೆದುಕೊಳ್ಳುವ ಶಕ್ತಿ ಕಾಡು ಟೊಮೆಟೊ ಜಾತಿಗಳಿಂದ ಬಂದದ್ದು. ಇಂದಿನ ಹೈಬ್ರಿಡ್‌ಗಳಲ್ಲಿ ಅದು ಹೆಚ್ಚಾಗಿ ಒಂದೆರಡು ವಂಶವಾಹಿಗಳಲ್ಲೇ ಇರುತ್ತದೆ, ಒಂದು ಪ್ರತಿ ಇದ್ದರೂ ಗಿಡ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಹೈಬ್ರಿಡ್‌ನಲ್ಲಿ ಅಂಥ ಒಂದೇ ಒಂದು ವಂಶವಾಹಿಯ ಒಂದು ಪ್ರತಿ ಇದೆ ಎನ್ನೋಣ. ಎತ್ತಿಟ್ಟ ಬೀಜದ ಗಿಡಗಳಲ್ಲಿ ನಾಲ್ಕಕ್ಕೆ ಮೂರು ತಡೆದುಕೊಳ್ಳುತ್ತವೆ, ನಾಲ್ಕಕ್ಕೆ ಒಂದು ಮುದುಡುತ್ತದೆ. ಇಂಥ ಮೂರು ಗುಣಗಳು ಬೇಕು ಎಂದರೆ 64 ಗಿಡಗಳಲ್ಲಿ 27ರಲ್ಲಿ ಮೂರೂ ಸೇರಿ ಬರುತ್ತವೆ. ಮೂರೂ ಗಟ್ಟಿಯಾಗಿ, ಮುಂದೆ ಬಿಚ್ಚಿಕೊಳ್ಳದ ಹಾಗೆ ಕೂತದ್ದು 64ಕ್ಕೆ ಒಂದೇ. ಮೂರು ಅಡಿಗೆ ಒಂದೂವರೆ ಅಡಿ ಅಂತರದಲ್ಲಿ ಒಂದು ಗುಂಟೆಗೆ ಇನ್ನೂರಕ್ಕಿಂತ ಹೆಚ್ಚು ಗಿಡ ಹಿಡಿಯುತ್ತವೆ. ಅಂದರೆ ಆ ಅಪರೂಪದ ಗಿಡಗಳು ಮೂರಾದರೂ ಒಂದು ಗುಂಟೆಯಲ್ಲಿ ನಿಂತಿರುವ ಸಂಭವವಿದೆ. ಇದಕ್ಕೆ ಪ್ರಯೋಗಾಲಯ ಬೇಡ. ಗುಂಟೆ ನೆಲ ಬೇಕು, ಕಣ್ಣು ಬೇಕು, ಮುದುಡಿದ ಗಿಡವನ್ನು ಕಿತ್ತೆಸೆಯುವ ಧೈರ್ಯ ಬೇಕು.

ಕೆಲವು ಗುಣಗಳು ಹೀಗೆ ಬಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಬಹಳ ದಿನ ಕೆಡದೆ ಉಳಿಯುವ ಕೆಲವು ಹೈಬ್ರಿಡ್‌ಗಳಲ್ಲಿ, ಹಣ್ಣಾಗುವುದನ್ನು ತಡಮಾಡುವ ಒಂದು ವಂಶವಾಹಿಯನ್ನು ಒಂದೇ ಪ್ರತಿಯಲ್ಲಿ ಇಟ್ಟಿರುತ್ತಾರೆ. ಬೀಜ ಎತ್ತಿಟ್ಟರೆ ಕಾಲು ಭಾಗ ಗಿಡಗಳಿಗೆ ಅದು ಎರಡು ಪ್ರತಿಯಲ್ಲಿ ಬರುತ್ತದೆ, ಅವುಗಳ ಕಾಯಿ ತಿಂಗಳಿಟ್ಟರೂ ಹಳದಿಯಾಗುತ್ತದೆಯೇ ಹೊರತು ಕೆಂಪಾಗುವುದಿಲ್ಲ. ಒಂದು ಪ್ರತಿಯ ಆ ನಡುವಿನ ಗುಣವನ್ನು ಎಷ್ಟು ತಲೆಮಾರು ಆಯ್ದರೂ ಗಟ್ಟಿ ಮಾಡಲಾಗದು. ಇಳುವರಿಯಲ್ಲೂ ಇಂಥದ್ದು ಸಿಕ್ಕಿದೆ: ಹೂ ಬಿಡುವಿಕೆಯನ್ನು ನಡೆಸುವ ಒಂದು ವಂಶವಾಹಿ ಕೆಟ್ಟ ರೂಪದಲ್ಲಿ ಒಂದೇ ಪ್ರತಿಯಲ್ಲಿದ್ದಾಗ ಟೊಮೆಟೊ ಇಳುವರಿ ಗಣನೀಯವಾಗಿ ಏರುತ್ತದೆ ಎಂದು ಇಸ್ರೇಲ್ ಮತ್ತು ಅಮೆರಿಕದ ವಿಜ್ಞಾನಿಗಳು 2010ರಲ್ಲಿ ತೋರಿಸಿದರು. ಹೈಬ್ರಿಡ್‌ನ ಹುರುಪೆಲ್ಲ ಬರೀ ವ್ಯಾಪಾರದ ಕಥೆ ಎಂದು ತಳ್ಳಿಹಾಕುವವರು ಈ ಸಂಶೋಧನೆಗೆ ಉತ್ತರ ಕೊಡಬೇಕಾಗುತ್ತದೆ. ಮಲೆನಾಡು, ಕರಾವಳಿಯ ಹುಳಿಮಣ್ಣಿನಲ್ಲಿ ಕಾಡುವ ದುಂಡಾಣು ಸೊರಗು ರೋಗದ ನಿರೋಧಕತೆಯೂ ಒಂದೇ ವಂಶವಾಹಿಯ ಕೆಲಸವಲ್ಲ. ಹತ್ತಾರು ಗಿಡದಲ್ಲಿ ಅದನ್ನು ಹಿಡಿಯುವುದು ಕಷ್ಟ. ಆದರೆ ಹೈಬ್ರಿಡ್‌ನ ಎಲ್ಲ ಗುಣವೂ ಹೀಗೆ ಕೈಗೆ ಸಿಗದ್ದು ಎಂಬುದಕ್ಕೆ ಆಧಾರವಿಲ್ಲ. ಬಣ್ಣ, ಆಕಾರ, ಸಿಪ್ಪೆ, ಹುಳಿ, ಗಿಡದ ಎತ್ತರ, ಹಲವು ರೋಗಗಳ ನಿರೋಧಕತೆ, ಇವೆಲ್ಲ ಆಯ್ಕೆಗೆ ಸಿಗುವಂಥವೇ.

ಲೆಕ್ಕ ಸರಳ. ಒಂದೊಂದು ತಲೆಮಾರಿಗೂ ಬಿಚ್ಚಿಕೊಳ್ಳಬಹುದಾದ ಜೋಡಿಗಳು ಅರ್ಧಕ್ಕಿಳಿಯುತ್ತವೆ. ಎರಡನೆಯದರಲ್ಲಿ ಅರ್ಧ, ಮೂರನೆಯದರಲ್ಲಿ ಕಾಲು, ಆರನೆಯದರ ಹೊತ್ತಿಗೆ ನೂರಕ್ಕೆ ಮೂರು. ಆಗ ಸಾಲಿನ ಗಿಡಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ ಕಾಣುತ್ತವೆ. ವರ್ಷಕ್ಕೆ ಎರಡು ಬೆಳೆ ತೆಗೆಯುವ ನೀರಿದ್ದರೆ ಐದು ಬಿತ್ತನೆಗೆ ಎರಡೂವರೆ ವರ್ಷ. ಬೀಜ ಎತ್ತಿಟ್ಟು ಕೈಸುಟ್ಟುಕೊಂಡವರು ಇಟ್ಟದ್ದು ಈ ದಾರಿಯ ಮೊದಲ ಹೆಜ್ಜೆಯನ್ನು ಮಾತ್ರ. ಎರಡನೇ ತಲೆಮಾರನ್ನೇ ಹೊಲ ತುಂಬ ಹಾಕಿ, ಗಿಡ ಗಿಡಕ್ಕೂ ವ್ಯತ್ಯಾಸ ಕಂಡು ಹೆದರಿ ಬಿಟ್ಟರು. ವ್ಯತ್ಯಾಸ ಕಂಡ ಕ್ಷಣದಿಂದಲೇ ಕೆಲಸ ಶುರುವಾಗಬೇಕಿತ್ತು.

ಆಯ್ಕೆಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಏಕೆಂದರೆ ‘ನಾವೂ ಒಳ್ಳೇ ಹಣ್ಣಿನ ಬೀಜವನ್ನೇ ಇಟ್ಟಿದ್ದೆವು, ಆದರೂ ಕೆಟ್ಟಿತು’ ಎನ್ನುವವರು ಬಹಳ. ಬೀಜಕ್ಕೆಂದು ರಾಶಿಯಿಂದ ದಪ್ಪ ಹಣ್ಣು ಆರಿಸುವುದು ನಮ್ಮ ರೂಢಿ. ಹಣ್ಣಿನ ಗಾತ್ರ ಅದು ಮೊದಲ ಗೊಂಚಲಿನದೋ ಕೊನೆಯದೋ, ಗೊಂಚಲಲ್ಲಿ ಎಷ್ಟು ಕಾಯಿ ನಿಂತಿದ್ದವು, ಆ ಗಿಡದ ಬುಡಕ್ಕೆ ಎಷ್ಟು ಗೊಬ್ಬರ ಬಿದ್ದಿತ್ತು ಎಂಬುದರ ಮೇಲೆ ನಿಂತಿದೆ. ಒಂದೇ ಗಿಡದ ದಪ್ಪ ಹಣ್ಣಿನ ಬೀಜಕ್ಕೂ ಸಣ್ಣ ಹಣ್ಣಿನ ಬೀಜಕ್ಕೂ ಗುಣದಲ್ಲಿ ಭೇದವಿಲ್ಲ. ಆರಿಸಬೇಕಾದದ್ದು ಹಣ್ಣನ್ನಲ್ಲ, ಗಿಡವನ್ನು, ಅದೂ ಹೊಲದಲ್ಲಿ ನಿಂತಿರುವಾಗ. ಹೂ ಬಿಟ್ಟ ಹೊತ್ತಿಗೊಮ್ಮೆ, ಮೊದಲ ಕೊಯ್ಲಿಗೊಮ್ಮೆ, ಬೆಳೆ ಮುಗಿಯುವ ಹೊತ್ತಿಗೊಮ್ಮೆ ಸಾಲು ತಿರುಗಿ, ಮೂರೂ ಸಲ ಮನಸ್ಸಿಗೆ ಹಿಡಿದ ಗಿಡಕ್ಕೆ ಬಣ್ಣದ ಬಟ್ಟೆ ಚೂರು ಕಟ್ಟಬೇಕು. ಗುಂಟೆಗೆ ಹತ್ತು ಗಿಡ ಸಾಕು. ಪ್ರತಿ ಗಿಡದ ಬೀಜ ಬೇರೆ ಪೊಟ್ಟಣಕ್ಕೆ. ಬೆರೆಸಿದರೆ ಶ್ರಮವೆಲ್ಲ ನೀರುಪಾಲು. ಮುಂದಿನ ಸಲ ಪೊಟ್ಟಣಕ್ಕೊಂದು ಸಾಲು, ಸಾಲಿಗೆ ಇಪ್ಪತ್ತು ಗಿಡ. ಆಗ ಗಿಡವನ್ನು ಗಿಡದೊಂದಿಗೆ ಮಾತ್ರವಲ್ಲ, ಸಾಲನ್ನು ಸಾಲಿನೊಂದಿಗೂ ಹೋಲಿಸಲು ಬರುತ್ತದೆ. ಸಾಲಿಗೆ ಸಾಲೇ ಮುದುಡಿದರೆ ಆ ಪೊಟ್ಟಣದ ಕಥೆ ಮುಗಿಯಿತು. ಒಂದೂ ಮುದುಡದ ಸಾಲು ಸಿಕ್ಕರೆ ಬಹುಶಃ ನಿರೋಧಕತೆ ಅಲ್ಲಿ ಗಟ್ಟಿಯಾಗಿ ಕೂತಿದೆ. ಎರಡು ಮೂರು ಹಣ್ಣಿನಲ್ಲಿ ನೂರಾರು ಬೀಜ ಸಿಗುವುದರಿಂದ ಉಳಿದ ಹಣ್ಣು ಮನೆಗೋ ಸಂತೆಗೋ ಹೋಗುತ್ತದೆ, ನಷ್ಟವಿಲ್ಲ.

ರೈತರಿಗೆ ಇದೆಲ್ಲ ಆಗದ ಕೆಲಸ ಎಂದು ತಜ್ಞರು ಹೇಳುವುದನ್ನು ಕೇಳಿದಾಗ ನನಗೆ ರಾಣೆಬೆನ್ನೂರು ನೆನಪಾಗುತ್ತದೆ. ಹಾವೇರಿ ಜಿಲ್ಲೆಯ ಆ ಸೀಮೆಯಲ್ಲಿ ಹಳ್ಳಿ ಹಳ್ಳಿಗಳಲ್ಲಿ ಕಂಪನಿಗಳಿಗಾಗಿ ಹೈಬ್ರಿಡ್ ತರಕಾರಿ ಬೀಜ ತಯಾರಾಗುತ್ತದೆ. ನಾಳೆ ಅರಳಲಿರುವ ಮೊಗ್ಗನ್ನು ಇಂದೇ ಗುರುತಿಸಿ, ಚಿಮುಟದಿಂದ ಪರಾಗಕೋಶದ ಕೊಳವೆಯನ್ನು ಹೆಣ್ಣುಭಾಗಕ್ಕೆ ಪೆಟ್ಟಾಗದಂತೆ ಬಿಡಿಸಿ ತೆಗೆದು, ಮರುದಿನ ಗಂಡು ಸಾಲಿನ ಪರಾಗ ತಂದು ಮುಟ್ಟಿಸಿ, ಗುರುತಿಗೆ ಪುಷ್ಪಪತ್ರದ ತುದಿ ಕತ್ತರಿಸುವ ಕೆಲಸವದು. ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು. ಅವರ ಕೈಗೆ ಒಪ್ಪಿಸಿರುವುದು ತಳಿಶಾಸ್ತ್ರದ ಅತ್ಯಂತ ನಾಜೂಕಿನ ಭಾಗ. ಬಟ್ಟೆ ಕಟ್ಟಿ ಗಿಡ ಆರಿಸುವುದು ಅದರ ಮುಂದೆ ಮಕ್ಕಳಾಟ. ಕಂಪನಿಗಾಗಿ ಮಾಡಿದರೆ ನುರಿತ ಕೆಲಸಗಾರರು, ತಮಗಾಗಿ ಮಾಡಿದರೆ ತಿಳಿವಳಿಕೆ ಇಲ್ಲದವರು! ಈ ನ್ಯಾಯ ನನಗೆ ಅರ್ಥವಾಗಿಲ್ಲ.

ಇನ್ನೊಂದು ಸಂಗತಿ ಇನ್ನೂ ಸ್ವಾರಸ್ಯದ್ದು. ರೈತ ಮಾಡಬಾರದು ಎನ್ನುವ ಕೆಲಸವನ್ನು ಬೀಜ ಕಂಪನಿಗಳ ತಳಿತಜ್ಞರು ದಿನವೂ ಮಾಡುತ್ತಾರೆ. ಎದುರಾಳಿಯ ಹೈಬ್ರಿಡ್ ಚೆನ್ನಾಗಿ ಓಡುತ್ತಿದ್ದರೆ ಅದರ ಪ್ಯಾಕೆಟ್ ಕೊಂಡು, ಬೆಳೆದು, ಬೀಜ ಎತ್ತಿ, ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತ ಹೋಗಿ ಅದರೊಳಗಿನ ಗುಣಗಳನ್ನು ತಮ್ಮ ತಳಿಗಳಿಗೆ ಇಳಿಸಿಕೊಳ್ಳುವುದು ಈ ಉದ್ಯಮದ ಹಳೆಯ ಪದ್ಧತಿ. 2001ರ ಕಾಯ್ದೆಯ 30ನೇ ಕಲಂ ನೋಂದಾಯಿತ ತಳಿಯನ್ನು ಹೊಸ ತಳಿಯ ಮೂಲವಾಗಿ ಬಳಸಲು ಸಂಶೋಧಕರಿಗೆ ಅವಕಾಶ ಕೊಟ್ಟಿದೆ. 39ನೇ ಕಲಂ ರೈತರಿಗೆ ಬೀಜ ಎತ್ತಿಡಲು, ಬಿತ್ತಲು, ಮರುಬಿತ್ತಲು, ಹಂಚಲು, ಕೊಟ್ಟುಕೊಳ್ಳಲು, ಮಾರಲೂ ಹಕ್ಕು ಕೊಟ್ಟಿದೆ. ರಕ್ಷಣೆ ಪಡೆದ ತಳಿಯ ಬೀಜವನ್ನು ಬ್ರಾಂಡ್ ಹೆಸರಿನ ಪ್ಯಾಕೆಟ್‌ನಲ್ಲಿ ಮಾರುವಂತಿಲ್ಲ ಎಂಬುದಷ್ಟೇ ಅಲ್ಲಿನ ಷರತ್ತು. 2019ರಲ್ಲಿ ಪೆಪ್ಸಿಕೋ ಕಂಪನಿ ಗುಜರಾತಿನ ಆಲೂಗೆಡ್ಡೆ ರೈತರ ಮೇಲೆ ಕೋಟಿ ರೂಪಾಯಿ ಪರಿಹಾರ ಕೇಳಿ ಮೊಕದ್ದಮೆ ಹೂಡಿದ್ದು, ಜನರ ಆಕ್ರೋಶ ಕಂಡು ಕೆಲವೇ ವಾರಗಳಲ್ಲಿ ಹಿಂತೆಗೆದುಕೊಂಡದ್ದು ನೆನಪಿರಬಹುದು. ಆ ಸುದ್ದಿಯ ಮೊದಲರ್ಧ ಹಳ್ಳಿ ಮುಟ್ಟಿದಷ್ಟು ಎರಡನೆಯ ಅರ್ಧ ಮುಟ್ಟಲಿಲ್ಲ. ಬೀಜ ಎತ್ತಿಟ್ಟರೆ ಕೇಸು ಬೀಳುತ್ತದೆ ಎಂಬ ಹೆದರಿಕೆ ಇಂದಿಗೂ ಇದೆ. ಎರಡನೇ ತಲೆಮಾರಿನ ಬೀಜವನ್ನು ಹೈಬ್ರಿಡ್ ಎಂದು ಸುಳ್ಳು ಹೇಳಿ ಮಾರುವ ಖದೀಮರ ಮಾತು ಬೇರೆ, ಅವರನ್ನು ಹಿಡಿಯಲೇಬೇಕು. ತನ್ನ ಗುಂಟೆಯಲ್ಲಿ ತಾನು ಆರಿಸಿಕೊಂಡವರಿಗೆ ಈ ಕಾಯ್ದೆಯ ಭಯ ಬೇಡ.

ಇನ್ನು ನಾಟಿ ಪಕ್ಷದವರ ಕಡೆ ತಿರುಗೋಣ. ಅವರ ಮೇಲೆ ನನಗೆ ಗೌರವವಿದೆ. ಅವರಿಲ್ಲದಿದ್ದರೆ ರಾಗಿ, ಭತ್ತ, ಅವರೆಯ ಎಷ್ಟೋ ತಳಿಗಳು ಕಣ್ಮರೆಯಾಗುತ್ತಿದ್ದವು. ಆದರೆ ರಾಗಿಗೆ ಹೇಳುವ ಮಾತನ್ನು ಟೊಮೆಟೊಗೆ ಹೇಳಲಾಗದು. ದಕ್ಷಿಣ ಅಮೆರಿಕದಲ್ಲಿ ಹುಟ್ಟಿ, ಯುರೋಪಿನವರ ಹಡಗಿನಲ್ಲಿ ಬಂದು, ನಮ್ಮ ಸಾರು ಗೊಜ್ಜಿಗೆ ತಡವಾಗಿ ಸೇರಿಕೊಂಡ ಗಿಡವಿದು. ನಾವು ‘ಹಳೇ ತಳಿ’ ಎನ್ನುವವುಗಳ ಬೇರೂ ಬಹಳ ಆಳಕ್ಕಿಲ್ಲ. ದೆಹಲಿಯ ಪೂಸಾ ರೂಬಿಯ ಹೆತ್ತವರಲ್ಲಿ ಒಂದು ಅಮೆರಿಕದ ತಳಿ. ಹೆಸರಘಟ್ಟದ ಅರ್ಕಾ ವಿಕಾಸ್ ಬಂದದ್ದೂ ಅಮೆರಿಕದ ಟಿಪ್-ಟಾಪ್ ಎಂಬ ತಳಿಯಿಂದ ಆರಿಸಿ. ಬೆಂಗಳೂರಿನ ತರಕಾರಿ ಗಾಡಿಯಲ್ಲಿ ‘ನಾಟಿ’ ಎಂದು ಮಾರುವ ಹುಳಿಯಾದ, ಚಪ್ಪಟೆ, ತೆಳುಸಿಪ್ಪೆಯ ಹಣ್ಣು ಎಷ್ಟೋ ಸಲ ಹೈಬ್ರಿಡ್ ಪ್ಯಾಕೆಟ್‌ನಿಂದಲೇ ಬಂದಿರುತ್ತದೆ. ಜನ ಕೇಳುವುದು ಆ ಹುಳಿಯನ್ನು, ಬೀಜದ ವಂಶಾವಳಿಯನ್ನಲ್ಲ.

ಹಳೆಯ ಜವಾರಿ ಟೊಮೆಟೊಗಳ ರುಚಿ ದೊಡ್ಡದು, ಒಪ್ಪುತ್ತೇನೆ. ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಎಲೆ ಮುದುಡು ರೋಗದ ಎದುರು ಏನೂ ಇಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 1980ರ ದಶಕದಲ್ಲೇ ನಡೆಸಿದ ಅಧ್ಯಯನದಲ್ಲಿ ಫೆಬ್ರವರಿಯಿಂದ ಮೇವರೆಗಿನ ಬೆಳೆಯಲ್ಲಿ ನೂರಕ್ಕೆ ನೂರು ಗಿಡ ಮುದುಡಿದ್ದು ಕಂಡಿತ್ತು. ಬೇಸಿಗೆಯಲ್ಲಿ ಜವಾರಿ ಹಾಕಿ ಎಂದು ಭಾಷಣ ಮಾಡುವುದು ಸುಲಭ. ಹಾಕಿದವರು ಏಪ್ರಿಲ್‌ನಲ್ಲಿ ಹೊಲ ಉಳುತ್ತಾರೆ. ಈ ರೋಗಕ್ಕೆ ನಿಲ್ಲುವ ಗುಣ ಇಂದು ರೈತನ ಕೈಗೆ ಎಟುಕುವುದು ಎಲ್ಲಿ? ಹೈಬ್ರಿಡ್ ಹಣ್ಣಿನೊಳಗೆ. ಜವಾರಿಯ ಹುಳಿ, ಹೈಬ್ರಿಡ್‌ನ ನಿರೋಧಕತೆ ಎರಡೂ ಬೇಕಾದವರು ಹೈಬ್ರಿಡ್ ಬೀಜವನ್ನು ಮೈಲಿಗೆ ಎಂದು ದೂರವಿಟ್ಟರೆ ಹೋಗುವುದೆಲ್ಲಿಗೆ? ರಾಣೆಬೆನ್ನೂರಿನ ಹೆಂಗಸರು ಮಾಡುವ ಕೆಲಸವನ್ನೇ ಒಂದು ಜವಾರಿ ಗಿಡಕ್ಕೂ ಒಂದು ಹೈಬ್ರಿಡ್ ಗಿಡಕ್ಕೂ ಮಾಡಿದರೆ ಇನ್ನೂ ದೊಡ್ಡ ಬಾಗಿಲು ತೆರೆಯುತ್ತದೆ. ಅದು ಎರಡನೇ ಪಾಠ. ಮೊದಲು ಎತ್ತಿಡುವುದನ್ನು ಕಲಿಯೋಣ.

ಹೀಗೆ ನಿರೋಧಕತೆಯನ್ನು ಗಟ್ಟಿ ಮಾಡಿ, ಬೀಜ ಎತ್ತಿಡಬಹುದಾದ ತಳಿ ಕೊಡಲು ಸಾಧ್ಯ ಎಂಬುದಕ್ಕೆ ಸಾಕ್ಷಿ ದೂರದಲ್ಲಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ವಿ. ಮುನಿಯಪ್ಪ ಮತ್ತು ಸಂಗಡಿಗರು ತೈವಾನಿನ ತರಕಾರಿ ಸಂಶೋಧನಾ ಕೇಂದ್ರದ ನೆರವಿನೊಂದಿಗೆ ದುಡಿದು 2000ದ ದಶಕದ ಆರಂಭದಲ್ಲಿ ಸಂಕ್ರಾಂತಿ, ನಂದಿ, ವೈಭವ್ ಎಂಬ ಮೂರು ತಳಿಗಳನ್ನು ತಂದರು. ಮೂರೂ ಎಲೆ ಮುದುಡು ರೋಗ ತಡೆಯುವಂಥವು, ಮೂರೂ ಹೈಬ್ರಿಡ್ ಅಲ್ಲ. ಈ ಕೆಲಸವೇ ಮುಂದುವರಿದು ವರ್ಷ ವರ್ಷ ಹೊಸ ತಳಿ ಬರಬೇಕಿತ್ತು. ಆದರೆ ಒಮ್ಮೆ ಕೊಂಡರೆ ಮತ್ತೆ ಕೊಳ್ಳಬೇಕಿಲ್ಲದ ಬೀಜವನ್ನು ಅಂಗಡಿಯವರು ಮುಂದಿಟ್ಟು ಮಾರುವುದಿಲ್ಲ. ಸರ್ಕಾರಿ ಸಂಸ್ಥೆಗಳೂ ಅದೇ ದಾರಿಗೆ ಹೊರಳಿವೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಹೆಚ್ಚು ಹೆಸರು ತಂದ ಟೊಮೆಟೊ ಅರ್ಕಾ ರಕ್ಷಕ್. ಎಲೆ ಮುದುಡು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆಯುವ ಅದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಅದೂ ಹೈಬ್ರಿಡ್. ಜನರ ತೆರಿಗೆಯಲ್ಲಿ ತಯಾರಾದ ತಳಿಯ ಬೀಜವನ್ನೂ ಜನ ಪ್ರತಿ ಬೆಳೆಗೆ ಕೊಳ್ಳಬೇಕು. ನಾಲ್ಕನೆಯದೋ ಐದನೆಯದೋ ತಲೆಮಾರಿನವರೆಗೆ ತಾವೇ ಆರಿಸಿ, ಅಲ್ಲಿಂದಾಚೆ ಆಯಾ ಸೀಮೆಯ ರೈತರ ಕೈಗೆ ಬಿಡುವ ಕೆಲಸವನ್ನು ಇಂಥ ಸಂಸ್ಥೆಗಳು ಏಕೆ ಮಾಡಬಾರದು? ಬೀದರ್‌ಗೆ ಒಗ್ಗಿದ ಸಾಲು, ಹಾಸನಕ್ಕೆ ಒಗ್ಗಿದ ಸಾಲು ಬೇರೆ ಬೇರೆಯಾಗಿಯೇ ಬೆಳೆಯಲಿ.

‘ಇಷ್ಟೆಲ್ಲ ಒದ್ದಾಡಿ ಉಳಿಯುವುದೆಷ್ಟು?’ ಎಂಬ ಪ್ರಶ್ನೆಯೇ ನನ್ನ ವಾದಕ್ಕೆ ಎದುರಾಗುವ ಬಲವಾದ ಪ್ರಶ್ನೆ. ಮಂಡಿ ಬೆಳೆಯಲ್ಲಿ ನಿಜಕ್ಕೂ ಹೆಚ್ಚಿಲ್ಲ. ಈಗ ಅಲ್ಲಿ ಹೆಚ್ಚಿನವರು ಬೀಜ ಕೊಳ್ಳುವುದಿಲ್ಲ, ನರ್ಸರಿಯಿಂದ ಟ್ರೇಯ ಸಸಿ ತರುತ್ತಾರೆ. ಸಸಿಗೆ ರೂಪಾಯಿ, ರೂಪಾಯಿ ಚಿಲ್ಲರೆಯಂತೆ ಎಕರೆಗೆ 7 ಸಾವಿರ ಸಸಿ ಹಾಕಿದರೂ, ಲಕ್ಷ ದಾಟುವ ಒಟ್ಟು ಖರ್ಚಿನಲ್ಲಿ ಅದು ಸಣ್ಣ ಭಾಗ. ಅಷ್ಟಕ್ಕಾಗಿ ಎರಡೂವರೆ ವರ್ಷ ಗುಂಟೆ ಕಾಯಿರಿ ಎಂದರೆ ಆ ರೈತ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ಟೊಮೆಟೊ ಬೆಳೆಯುವವರೆಲ್ಲ ಅವರೇ ಅಲ್ಲ. ಹತ್ತು ಗುಂಟೆಯಲ್ಲಿ ಸೊಪ್ಪು, ಬದನೆ, ಮೆಣಸಿನಕಾಯಿ ಜೊತೆ ನಾಲ್ಕು ಸಾಲು ಟೊಮೆಟೊ ಇಟ್ಟು ವಾರದ ಸಂತೆಯಲ್ಲಿ ತಾವೇ ಕೂತು ಮಾರುವವರಿದ್ದಾರೆ, ರಾಗಿ ಹೊಲದಂಚಿಗೆ ಒಂದಿಷ್ಟು ಗಿಡ ಇಡುವ ಮನೆಗಳಿವೆ. ಇವರಿಗೆ ಲಾರಿಯಲ್ಲಿ ದಿನಗಟ್ಟಲೆ ಬಾಳುವ ಸಿಪ್ಪೆ ಬೇಕಿಲ್ಲ, ಒಂದೇ ಗಾತ್ರವೂ ಬೇಕಿಲ್ಲ. ಬೇಕಾದದ್ದು ಕಡಿಮೆ ಔಷಧಿಗೆ ನಿಲ್ಲುವ, ಕಡ್ಡಿ ಕಟ್ಟದೆಯೂ ನಡೆಯುವ, ಬಹಳ ದಿನ ಸ್ವಲ್ಪ ಸ್ವಲ್ಪವೇ ಕಾಯಿ ಕೊಡುವ, ಸಾರಿಗೆ ಹುಳಿ ಹತ್ತುವ ಗಿಡ. ಅಂಥ ಗಿಡವನ್ನು ಅವರಿಗಾಗಿ ಯಾವ ಕಂಪನಿಯೂ ಮಾಡುವುದಿಲ್ಲ. ಅವರ ಪಾಲಿಗೆ ಇಲ್ಲಿ ಲಾಭವೆಂದರೆ ಪ್ಯಾಕೆಟ್‌ನ ದುಡ್ಡು ಉಳಿಯುವುದಲ್ಲ, ಮಾರುಕಟ್ಟೆಯಲ್ಲಿ ದುಡ್ಡು ಕೊಟ್ಟರೂ ಸಿಗದ ತಳಿ ಸಿಗುವುದು. ಆರನೇ ತಲೆಮಾರಿನಲ್ಲೂ ಅದು ತಾಯಿ ಹೈಬ್ರಿಡ್‌ನಷ್ಟು ತೂಗದೆ ಇರಬಹುದು. ತೂಕವೊಂದೇ ಅಳತೆಯಾಗಿರುವವರಿಗೆ ನಾನು ಇದನ್ನು ಹೇಳುತ್ತಿಲ್ಲ.

ರೋಗದ ಮಾತೂ ಬರುತ್ತದೆ. ಬೀಜದ ಮೂಲಕ ದಾಟುವ ಕೆಲವು ದುಂಡಾಣು ರೋಗಗಳು, ಮೊಸಾಯಿಕ್ ನಂಜುರೋಗ ಇವೆ. ಎತ್ತಿಟ್ಟ ಬೀಜದಿಂದ ಅವು ಹರಡುತ್ತವೆ ಎಂಬ ಎಚ್ಚರಿಕೆ ಸರಿಯಾದದ್ದೇ. ಆದರೆ ಇವು ಪ್ಯಾಕೆಟ್ ಬೀಜದಲ್ಲೂ ಬರಬಲ್ಲವು. ರೋಗ ಕಂಡ ಗಿಡದಿಂದ ಬೀಜ ತೆಗೆಯಬಾರದು. ತಿರುಳನ್ನು ನೀರಲ್ಲಿ ಒಂದೆರಡು ದಿನ ಹುಳಿಯಲು ಬಿಟ್ಟು, ಚೆನ್ನಾಗಿ ತೊಳೆದು, 50 ಡಿಗ್ರಿ ಬಿಸಿನೀರಿನಲ್ಲಿ 25 ನಿಮಿಷ ಇಟ್ಟು, ನೆರಳಲ್ಲಿ ಒಣಗಿಸಿದರೆ ದುಂಡಾಣುಗಳ ಕಾಟ ಬಹಳಷ್ಟು ತಗ್ಗುತ್ತದೆ. ನೀರಿನ ಬಿಸಿ ಮಾತ್ರ ಕೈಯಂದಾಜಿನಲ್ಲಿ ಬೇಡ. ಉಷ್ಣಮಾಪಕ ಕೊಳ್ಳಿ, ಬಿಸಿ ಸ್ವಲ್ಪ ಏರಿದರೆ ಬೀಜ ಬೇಯುತ್ತದೆ.

ಇದಕ್ಕಿಂತ ಗಟ್ಟಿಯಾದ ಅಡ್ಡಿ ಇನ್ನೊಂದಿದೆ. ಆಯ್ಕೆಯ ಗುಂಟೆಗೆ ಬಿಳಿನೊಣದ ಔಷಧಿ ಹೊಡೆದರೆ ಯಾವ ಗಿಡ ತಾನಾಗಿ ತಡೆದುಕೊಂಡಿತು, ಯಾವುದು ಔಷಧಿಯಿಂದ ಉಳಿಯಿತು ಎಂದು ತಿಳಿಯುವುದಿಲ್ಲ. ಹೊಡೆಯದಿದ್ದರೆ ಮುದುಡಿದ ಗಿಡಗಳಿಂದ ನಂಜು ಪಕ್ಕದ ಬೆಳೆಗೆ, ಪಕ್ಕದವರ ಬೆಳೆಗೆ ಹಾರುತ್ತದೆ. ಆದ್ದರಿಂದ ಈ ಗುಂಟೆ ಮಂಡಿ ಟೊಮೆಟೊ ಬೆಳೆಯುವ ಹೊಲದ ಪಕ್ಕ ಇರಬಾರದು. ರಾಗಿ, ಜೋಳದ ನಡುವೆ ಇದ್ದರೆ ಒಳ್ಳೆಯದು. ಮುದುಡಿದ ಗಿಡವನ್ನು ಕಂಡ ದಿನವೇ ಕಿತ್ತು ಸುಡಬೇಕು. ಊರಿನ ಸ್ವಸಹಾಯ ಗುಂಪಿನ ನಾಲ್ಕು ಜನ ಸೇರಿದರೆ ನಾಲ್ಕು ಕಡೆ ಒಂದೊಂದು ಗುಂಟೆ ಹಂಚಿಕೊಳ್ಳಬಹುದು. ಒಂದು ಕಡೆ ಬೆಳೆ ಹೋದರೆ ಪೊಟ್ಟಣ ಇನ್ನೊಬ್ಬರ ಡಬ್ಬಿಯಲ್ಲಿರುತ್ತದೆ. ತಂಪಾಗಿ, ತೇವ ಸೇರದಂತೆ ಇಟ್ಟ ಟೊಮೆಟೊ ಬೀಜ ನಾಲ್ಕು ವರ್ಷವಾದರೂ ಮೊಳೆಯುತ್ತದೆ. ಶುರುಮಾಡುವ ಕಾಲವೂ ಮುಖ್ಯ. ಸಸಿಮಡಿಯನ್ನು ಜನವರಿ ಕೊನೆಗೆ ಮಾಡಿದರೆ ಸಾಲಿಗೆ ನೆಡುವ ಹೊತ್ತಿಗೆ ಬಿಳಿನೊಣ ಏಳುತ್ತದೆ, ಏಪ್ರಿಲ್ ಬರುವಷ್ಟರಲ್ಲಿ ನಿಲ್ಲುವ ಗಿಡ ಯಾವುದು, ಕೀಳಬೇಕಾದದ್ದು ಯಾವುದು ಎಂದು ಎದ್ದು ಕಾಣುತ್ತದೆ. ಮಳೆಗಾಲದಲ್ಲಿ ಶುರುಮಾಡಿದರೆ ಎಲ್ಲ ಗಿಡವೂ ಚೆನ್ನಾಗಿಯೇ ಕಾಣುತ್ತವೆ, ಆರಿಸಲು ಏನೂ ಇರುವುದಿಲ್ಲ.